ಮನೆಗಾಡಿಯ ನೈರುತ್ಯ ಮೂಲೆ

ನಮ್ಮ ಮನೆಗೆ ಬಂದವರಿಗೆ ಲೋಟದ ತುಂಬ ಕಾಫಿ ಸಿಗುವುದಿಲ್ಲ. ಮುಕ್ಕಾಲು ಲೋಟ, ಅಷ್ಟೇ. ನಂಜನಗೂಡಿನ ಪೇಟೆಯಲ್ಲಿ ತಲೆ ನರೆಯುವ ತನಕ ಪಾತ್ರೆ ಅಂಗಡಿ ನಡೆಸಿದವನ ಮನೆ ಇದು; ಲೋಟಕ್ಕೂ ಬರವಿಲ್ಲ, ಹಾಲಿಗೂ ಬರವಿಲ್ಲ. ಆದರೂ ಮೇಲೆ ಎರಡು ಬೆರಳಷ್ಟು ಖಾಲಿ ಬಿಟ್ಟೇ ಕೊಡುವುದು. ಮೊನ್ನೆ ನಮ್ಮ ಬೀಗರು ಲೋಟದೊಳಗೆ ಇಣುಕಿ ನೋಡಿ, ಹಾಲಿನವನು ಇವತ್ತು ಬರಲಿಲ್ಲವೇ ಎಂದು ಕೇಳಿಯೇಬಿಟ್ಟರು. ನನ್ನ ಹೆಂಡತಿ ನಕ್ಕು ಒಳಗೆ ಹೋದವಳು ಎರಡನೆಯ ಸಲವೂ ಮುಕ್ಕಾಲು ಲೋಟವನ್ನೇ ತಂದು ಕೊಟ್ಟಳು.

ಜಿಪುಣತನವಲ್ಲ ಸ್ವಾಮಿ, ಅಭ್ಯಾಸ. ಚಕ್ರದ ಮೇಲೆ ಸಂಸಾರ ಹೂಡಿದವರಿಗೆ ತುಂಬಿದ ಲೋಟ ಕಂಡರೆ ಜೀವ ಝಲ್ಲೆನ್ನುತ್ತದೆ. ನಮ್ಮ ಮನೆಯ ಮುಂದೆ ನಿಂತಿರುವ ಹಳದಿ ಬಣ್ಣದ ಮಿನಿ ಬಸ್ಸನ್ನು ನೀವು ನೋಡಿರಬಹುದು. ಕಿಟಕಿಗೆ ಹೂವಿನ ಪರದೆ, ಹಿಂದೆ ಬಟ್ಟೆ ಒಣಗಿಸುವ ತಂತಿ. ಬೀದಿಯವರು ಅದನ್ನು ಮನೆಗಾಡಿ ಅನ್ನುತ್ತಾರೆ. ಮೊದಮೊದಲು ಆ ಮಾತಿನಲ್ಲಿ ಗೇಲಿ ಇತ್ತು. ಈಗ ಅವರಿಗೂ ಅಭ್ಯಾಸವಾಗಿದೆ.

ಈ ಗಾಡಿಯ ಕತೆ ಹೇಳಬೇಕಾದರೆ ನನ್ನ ಹೆಂಡತಿಯ ಹೊಟ್ಟೆಯ ಕತೆ ಮೊದಲು ಹೇಳಬೇಕು. ಅವಳ ಹೆಸರು ಮಹದೇವಮ್ಮ. ನಾನು ಕರೆಯುವುದು ಮಾದೇವಿ ಎಂದು. ತಿ. ನರಸೀಪುರದ ಹತ್ತಿರ ಕಬ್ಬು ಬೆಳೆಯುವ ಮನೆಯ ಮಗಳು. ಮೂಟೆ ಎತ್ತುತ್ತಾಳೆ, ಹಾವು ಹೊಡೆಯುತ್ತಾಳೆ, ಸಾಲ ವಸೂಲಿಗೆ ಬಂದವನನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡುತ್ತಾಳೆ. ಬಸ್ಸು ಹತ್ತಿದರೆ ಮಾತ್ರ ಮುಗಿಯಿತು. ಡೀಸೆಲ್ ವಾಸನೆ ಮೂಗಿಗೆ ಬಡಿಯುತ್ತಿದ್ದ ಹಾಗೆ ಮುಖ ಬಿಳಚಿಕೊಳ್ಳುತ್ತದೆ, ಮೊದಲ ತಿರುವಿಗೇ ಹೊಟ್ಟೆ ತೊಳಸುತ್ತದೆ. ಮದುವೆಯಾದ ಮಾರನೆಯ ದಿನ ನಂಜನಗೂಡಿಗೆ ಬಸ್ಸಿನಲ್ಲಿ ಕರೆದುಕೊಂಡು ಬರುವಾಗ ನನ್ನ ಹೊಸ ರೇಷ್ಮೆ ಪಂಚೆಯ ಮೇಲೆ ಏನಾಯಿತೆಂದು ಬಿಡಿಸಿ ಹೇಳುವುದು ಬೇಡ. ನಮ್ಮ ದಾಂಪತ್ಯ ಅಲ್ಲಿಂದಲೇ ಶುರುವಾದದ್ದು. ನಿಂಬೆಹಣ್ಣು, ಶುಂಠಿ, ಮಾತ್ರೆ, ಹೊಕ್ಕುಳಿಗೆ ಅಂಟಿಸುವ ಪಟ್ಟಿ, ಹಿಂದಿನ ದಿನದಿಂದ ಉಪವಾಸ, ಎಲ್ಲವನ್ನೂ ಮಾಡಿ ನೋಡಿದ್ದಾಯಿತು. ಕಾರಿನಲ್ಲಿ ಕರೆದೊಯ್ದರೂ ಅದೇ ಹಾಡು.

ಬಸ್ಸು ಹತ್ತದಿದ್ದರೆ ಪ್ರಪಂಚವೇನೂ ಮುಳುಗುವುದಿಲ್ಲ, ನಿಜ. ಆದರೆ ಅವಳಿಗೆ ಒಂದೇ ಒಂದು ಜಾಗಕ್ಕೆ ಹೋಗಬೇಕಿತ್ತು, ಮಾದಪ್ಪನ ಬೆಟ್ಟಕ್ಕೆ. ಅವಳು ಕೂಸಾಗಿದ್ದಾಗ ಜ್ವರ ಬಂದು ಕಣ್ಣು ತೇಲಿಸಿದ್ದಳಂತೆ. ಅವಳ ಅವ್ವ, ಕೂಸು ಉಳಿದರೆ ನಿನ್ನ ಹೆಸರನ್ನೇ ಇಟ್ಟು ನಿನ್ನ ಮುಂದೆ ತಂದು ನಿಲ್ಲಿಸುತ್ತೇನೆ ಎಂದು ಹರಕೆ ಹೊತ್ತುಕೊಂಡರು. ಕೂಸು ಉಳಿಯಿತು, ಹೆಸರೂ ಇಟ್ಟರು. ತಂದು ನಿಲ್ಲಿಸುವುದು ಮಾತ್ರ ಆಗಲಿಲ್ಲ. ನಮ್ಮ ಸೀಮೆಯಲ್ಲಿ ಬೆಟ್ಟಕ್ಕೆ ಹೋಗದವರನ್ನು ಹುಡುಕಿದರೂ ಸಿಗುವುದಿಲ್ಲ. ಆ ದೇವರ ಹೆಸರು ಹೊತ್ತವಳೇ ಹೋಗಿಲ್ಲ ಎಂದರೆ ನೋಡಿ.

ಒಂದು ಸಲ ಹೊರಟಿದ್ದಳು. ಮಗಳು ಕಂಕುಳಲ್ಲಿದ್ದ ಕಾಲ. ಅವಳ ತವರಿನವರು, ನಾವು, ಎಲ್ಲ ಸೇರಿ ಒಂದು ವ್ಯಾನು ಮಾಡಿಕೊಂಡು ಹೋದೆವು. ಕೊಳ್ಳೇಗಾಲ ದಾಟುವಷ್ಟರಲ್ಲೇ ಸುಸ್ತಾದಳು. ತಾಳಬೆಟ್ಟದಲ್ಲಿ ಘಾಟಿ ಶುರುವಾಗುತ್ತದಲ್ಲ, ಅಲ್ಲಿ ಇಳಿದವಳು ಮತ್ತೆ ಹತ್ತಲಾಗಲಿಲ್ಲ. ಟೀ ಅಂಗಡಿಯ ಹೆಂಗಸಿನ ಪಕ್ಕ ಕಲ್ಲಿನ ಮೇಲೆ ಕೂತು, ನೀವು ಹೋಗಿ ಬನ್ನಿ, ನಾನು ಇಲ್ಲೇ ಇರುತ್ತೇನೆ ಎಂದಳು. ನಾವು ಹೋಗಿ ದರ್ಶನ ಮಾಡಿ, ಉಂಡು, ಲಾಡು ತಂದು ಅವಳ ಕೈಗೆ ಕೊಟ್ಟೆವು. ಅದನ್ನು ಕಣ್ಣಿಗೊತ್ತಿಕೊಂಡು ಸೆರಗಿನಲ್ಲಿ ಕಟ್ಟಿಕೊಂಡಳು. ಆಮೇಲೆ ಮನೆಯಲ್ಲಿ ತಮಾಷೆಗೆ ಅವಳನ್ನು ತಾಳಬೆಟ್ಟದ ಮಾದೇವಿ ಎಂದು ಕರೆದದ್ದುಂಟು. ಅವಳ ಅವ್ವ ತೀರಿಕೊಂಡ ಮೇಲೆ ಯಾರೂ ಆ ತಮಾಷೆ ಮಾಡಲಿಲ್ಲ. ಜನ ತಾಳಬೆಟ್ಟದಿಂದ ನಡೆದೂ ಹತ್ತುತ್ತಾರೆ. ಆದರೆ ಹತ್ತುವ ವಯಸ್ಸಿನಲ್ಲಿ ಅಂಗಡಿ, ಹೊಲ, ಮಗು ಬಿಟ್ಟು ಬರಲಾಗಲಿಲ್ಲ; ಪುರಸೊತ್ತು ಸಿಗುವ ಹೊತ್ತಿಗೆ ಮಂಡಿ ಹಿಡಿದುಕೊಂಡಿತ್ತು.

ಮಗಳು ಅಂಗಡಿ ನೋಡಿಕೊಳ್ಳುತ್ತೇನೆಂದು ನನ್ನನ್ನು ಗಲ್ಲಾಪೆಟ್ಟಿಗೆಯಿಂದ ಎಬ್ಬಿಸಿದ ಮೇಲೆ ನನಗೆ ಕೈಕಟ್ಟಿ ಹಾಕಿದಂತಾಯಿತು. ಆ ದಿನಗಳಲ್ಲಿ ಸಿದ್ದರಾಜು ಎಂಬ ಮೆಕ್ಯಾನಿಕ್ಕಿನ ಶೆಡ್ಡಿನ ಮುಂದೆ ಈ ಮಿನಿ ಬಸ್ಸು ಕಣ್ಣಿಗೆ ಬಿತ್ತು. ಕಾರ್ಖಾನೆಗೆ ಜನರನ್ನು ಹೊತ್ತು ದಣಿದಿತ್ತು. ನನ್ನ ತಲೆಗೆ ಒಂದು ಯೋಚನೆ ಹೊಳೆಯಿತು: ಬಸ್ಸಿನಲ್ಲಿ ಕೂತರೆ ತಾನೇ ವಾಂತಿ? ಮಂಚದ ಮೇಲೆ ಮಲಗಿದರೆ? ತನ್ನದೇ ಅಡುಗೆಮನೆಯ ವಾಸನೆ ಇದ್ದರೆ? ಮನೆಯನ್ನೇ ಬೆಟ್ಟಕ್ಕೆ ತೆಗೆದುಕೊಂಡು ಹೋದರಾಯಿತಲ್ಲ! ಕೊಂಡೇಬಿಟ್ಟೆ. ದಾಖಲೆ ಬದಲಾಯಿಸಲು ಕಚೇರಿಗೆ ಅಲೆದ ಕತೆ ಹೇಳಿದರೆ ಇನ್ನೊಂದು ಪ್ರಬಂಧವಾದೀತು, ಬಿಡಿ.

ಸೀಟುಗಳನ್ನು ಕಿತ್ತು ಒಳಗೆ ಮನೆ ಕಟ್ಟುವ ಹೊತ್ತಿಗೆ ನನ್ನ ಭಾಮೈದ ಪುಟ್ಟಸ್ವಾಮಿ ನರಸೀಪುರದಿಂದ ಬಂದಿಳಿದ. ವ್ಯಾಪಾರ ಕೊಬ್ಬರಿಯದು, ಹುಚ್ಚು ವಾಸ್ತುವಿನದು. ನೆಂಟರಿಷ್ಟರ ಮನೆಗಳಲ್ಲಿ ಅವನು ಹೊಡೆಸಿಹಾಕದ ಗೋಡೆ ಇಲ್ಲ. ಚಕ್ರದ ಮೇಲಿರಲಿ, ನೆಲದ ಮೇಲಿರಲಿ, ಜನ ಉಂಡು ಮಲಗುವ ಜಾಗ ಅಂದಮೇಲೆ ಮನೆಯೇ ಎಂಬುದು ಅವನ ವಾದ. ಗಾಡಿ ನಮ್ಮ ಅಂಗಳದಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಂತಿತ್ತು. ಅವನು ಕೈಯಲ್ಲಿ ದಿಕ್ಸೂಚಿ ಹಿಡಿದು ಒಳಗೆ ಎರಡು ಸುತ್ತು ಹಾಕಿ ಲೆಕ್ಕ ಹೇಳಿದ. ಡ್ರೈವರ್ ಬೆನ್ನ ಹಿಂದೆ ಆಗ್ನೇಯ, ಅಲ್ಲಿ ಒಲೆ, ಸಿಲಿಂಡರು. ಎಡಗಡೆ ಬಾಗಿಲಿರುವುದು ಈಶಾನ್ಯ, ಅದು ಹಗುರವಾಗಿರಬೇಕು. ಹಿಂದಿನ ಬಲ ಮೂಲೆ ನೈರುತ್ಯ. ಮನೆಯ ಭಾರವೆಲ್ಲ ನೈರುತ್ಯದಲ್ಲೇ ಇರಬೇಕು, ಇಲ್ಲದಿದ್ದರೆ ಯಜಮಾನನಿಗೆ ಆಗಿಬರುವುದಿಲ್ಲ.

ನಾನು ಒಂದೇ ಒಂದು ಪ್ರಶ್ನೆ ಕೇಳಿದೆ. ಗಾಡಿ ಪಶ್ಚಿಮಕ್ಕೆ ತಿರುಗಿದರೆ ನೈರುತ್ಯ ಎಲ್ಲಿಗೆ ಹೋಗುತ್ತದಪ್ಪಾ?

ಪುಟ್ಟಸ್ವಾಮಿ ಕಣ್ಣು ಮುಚ್ಚಿ ತುಸು ಹೊತ್ತು ಧ್ಯಾನಿಸಿದ. "ಪೂಜೆ ಮಾಡ್ದಾಗ ಯಾವ ಕಡೆ ಮೊಕ ಇತ್ತೋ ಅದೇ ಲೆಕ್ಕ ಭಾವ. ಮನುಷ್ಯ ಎತ್ಲಾಗೆ ತಿರುಗುದ್ರೂ ಅವ್ನ ಬಲಗೈ ಬಲಗೈಯೇ ಅಲ್ವಾ?" ಎಂದ.

ಇಂಥ ಮಾತಿಗೆ ಏನು ಹೇಳುತ್ತೀರಿ? ಅವನು ಹೇಳಿದಂತೆಯೇ ಮಾಡಿದೆ. ಯಜಮಾನನಿಗೆ ಆಗಿಬರುವುದಿಲ್ಲ ಎಂಬ ಮಾತು ಸ್ವಲ್ಪ ನಾಟಿತ್ತು ಎಂದೂ ಇಟ್ಟುಕೊಳ್ಳಿ. ಹಿಂದಿನ ಬಲ ಮೂಲೆಗೆ ಕಬ್ಬಿಣದ ಬೀರು ಬಂತು. ಅದರ ಪಕ್ಕ ದೊಡ್ಡ ಬ್ಯಾಟರಿಗಳು. ಅಕ್ಕಿ, ರಾಗಿಯ ಡ್ರಮ್ಮು. ಪಾತ್ರೆ ಅಂಗಡಿಯವನಲ್ಲವೇ, ಹಿತ್ತಾಳೆ ಹಂಡೆ, ಕೊಳದಪ್ಪಲೆ, ಹತ್ತು ಜನಕ್ಕೆ ಬೇಯಿಸುವ ಇಡ್ಲಿಪಾತ್ರೆ. ಸಾಲದೆಂದು ಮೇಲ್ಚಾವಣಿಯ ಅದೇ ಮೂಲೆಯ ಮೇಲೆ ಕಪ್ಪು ನೀರಿನ ಟ್ಯಾಂಕು. ಮೇಲಿನ ಟ್ಯಾಂಕು ನೈರುತ್ಯದಲ್ಲಿದ್ದರೆ ಸಂಪತ್ತು ನಿಲ್ಲುತ್ತದಂತೆ. ನಂಜುಂಡೇಶ್ವರನ ಗುಡಿಯ ಮುಂದೆ ಪೂಜೆ ಮಾಡಿಸಿ ಚಕ್ರದಡಿ ನಿಂಬೆಹಣ್ಣು ಚಪ್ಪಟೆ ಮಾಡಿ, ಟ್ಯಾಂಕಿನ ತುಂಬ ನೀರು ತುಂಬಿಕೊಂಡು, ಮೊದಲ ಪ್ರಯಾಣಕ್ಕೆ ಹೊರಟೆವು. ತವರುಮನೆಗೆ ಹೋಗಿಬರೋಣ, ಬೆಟ್ಟಕ್ಕೆ ಮುಂದಿನ ತಿಂಗಳು ಎಂದು ಮಾತಾಗಿತ್ತು.

ಊರು ದಾಟಿ ಕಾಲುವೆಯ ಪಕ್ಕದ ನೇರ ರಸ್ತೆಗೆ ಬಂದಮೇಲೆ ನನಗೆ ಬೆವರು ಕಿತ್ತುಕೊಂಡಿತು. ಸ್ಟೇರಿಂಗ್ ಹಿಡಿದಿದ್ದೇನೆ, ಕೈಗೆ ಏನೂ ತಿಳಿಯುತ್ತಿಲ್ಲ. ಎಡಕ್ಕೆ ತಿರುಗಿಸಿದರೆ ಗಾಡಿ ಯೋಚನೆ ಮಾಡಿ ಆಮೇಲೆ ಎಡಕ್ಕೆ ಹೋಗುತ್ತದೆ. ಸಾಕು ಎಂದು ಬಲಕ್ಕೆ ತಂದರೆ ಇನ್ನೂ ಎಡಕ್ಕೇ ಹೋಗುತ್ತಿರುತ್ತದೆ. ಎದುರಿನಿಂದ ಕಬ್ಬಿನ ಲಾರಿಯೊಂದು ಹಾದುಹೋದಾಗ ಅದರ ಗಾಳಿಗೇ ನಮ್ಮ ಬಾಲ ಅತ್ತ ಎಳೆಯಿತು. ಸರಿಮಾಡಲು ಹೋದೆ, ಹೆಚ್ಚು ಸರಿಯಾಯಿತು, ಮತ್ತೆ ಇತ್ತ. ಮೇಲೆ ಟ್ಯಾಂಕಿನಲ್ಲಿ ನೀರು ದಡಬಡ ಎನ್ನುತ್ತಿದೆ. ಹಿಂದೆ ಹಂಡೆ, ಕೊಳದಪ್ಪಲೆಗಳು ಗೋಷ್ಠಿ ನಡೆಸುತ್ತಿವೆ. ಮಾದೇವಿ ಹಾಸಿಗೆಯ ಮೇಲೆ ಕಣ್ಣು ಮುಚ್ಚಿ ಮಲಗಿದ್ದಾಳೆ, ಪಕ್ಕದಲ್ಲಿಟ್ಟಿದ್ದ ತುಂಬಿದ ಲೋಟದಿಂದ ಬಿಸಿ ಕಾಫಿ ಎದ್ದು ಅವಳ ಸೀರೆಯ ಮೇಲೆ ಬಿತ್ತು. ಆಮೇಲಿನದು ನಿಮಗೆ ಗೊತ್ತಿದ್ದದ್ದೇ. ಯಾವ ಬಸ್ಸಿನಲ್ಲೂ ಅವಳು ಅಷ್ಟು ನರಳಿದ್ದನ್ನು ನಾನು ನೋಡಿರಲಿಲ್ಲ.

ಗಾಡಿ ನಿಲ್ಲಿಸಿದೆ. ಅವಳು ಇಳಿದು ಹುಣಸೆಮರದ ಬುಡದಲ್ಲಿ ಕೂತಳು. ನಾನು ನೀರು ತಂದುಕೊಟ್ಟೆ. ಮುಖ ತೊಳೆದುಕೊಂಡು, ಕೋಪವಿಲ್ಲದೆ, ಅದೇ ನನಗೆ ಹೆಚ್ಚು ನೋವಾದದ್ದು, ಹೇಳಿದಳು: "ಮಾದಪ್ಪ ನನ್ನ ಅಣೇಲಿ ಬರ್ದಿಲ್ಲ ಕಣ್ರೀ. ನೀವ್ಯಾಕೆ ಕಷ್ಟ ಪಡ್ತೀರಿ."

ಆ ಮಾತು ಕೇಳಿದ ಮೇಲೆ ನನಗೆ ಹಟ ಬಂತು. ಗಾಡಿಯನ್ನು ಸಿದ್ದರಾಜುವಿನ ಶೆಡ್ಡಿಗೆ ತಳ್ಳಿದೆ. ಸಿದ್ದರಾಜುವಿನ ರೀತಿಯೆಂದರೆ ಮೊದಲು ಹಿಂದಿನ ಮೆಕ್ಯಾನಿಕ್ಕನ್ನು ಬೈಯುವುದು. ಯಾವನ್ ಸಾ ಈ ಕೆಲಸ ಮಾಡಿದ್ದು ಎಂದು ಒಂದು ಗಂಟೆ ಬೈದ. ನೀನೇ ಅಲ್ಲವೇನಯ್ಯಾ ಎಂದು ನೆನಪಿಸಿದ ಮೇಲೆ ಗಾಡಿಯ ಅಡಿಗೆ ನುಗ್ಗಿದ. ನಾಲ್ಕು ಚಕ್ರಕ್ಕೆ ನಾಲ್ಕು ವಯಸ್ಸಿನ ಟೈರು, ಒಂದೊಂದರಲ್ಲಿ ಒಂದೊಂದು ಗಾಳಿ. ಅದನ್ನು ಸರಿಮಾಡಿದ. ಸ್ಟೇರಿಂಗ್ ಅರ್ಧ ಗೇಣು ತಿರುಗಿದರೂ ಚಕ್ರಕ್ಕೆ ಸುದ್ದಿ ಮುಟ್ಟುತ್ತಿರಲಿಲ್ಲ. ಸವೆದ ಕಿಂಗ್‌ಪಿನ್ನು, ಕೀಲುಗಳನ್ನು ಬದಲಾಯಿಸಿದ. ಮೈಸೂರಿಗೆ ಕಳಿಸಿ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿದೆವು. ಹೊಸ ಶಾಕ್ ಅಬ್ಸಾರ್ಬರ್ ಬಂದವು. ಗಾಡಿ ಪಕ್ಕಕ್ಕೆ ವಾಲದಂತೆ ಎರಡು ಚಕ್ರಗಳ ನಡುವೆ ಅಡ್ಡಲಾಗಿ ದಪ್ಪ ಕಬ್ಬಿಣದ ಸರಳು ಕೂರಿಸಿದ. ಒಂದೊಂದು ಕೆಲಸ ಆದಾಗಲೂ, ಈಗ ನೋಡಿ ಸಾ, ರೈಲು ಇದ್ದಂಗೆ ಓಗ್ತದೆ, ಎನ್ನುತ್ತಿದ್ದ. ಪ್ರತಿ ಸಲವೂ ಸ್ವಲ್ಪ ಸರಿಹೋಗುತ್ತಿತ್ತು. ಪ್ರತಿ ಸಲವೂ ಲಾರಿ ಹಾದಾಗ ಬಾಲ ಎಳೆಯುತ್ತಲೇ ಇತ್ತು.

ಉತ್ತರ ಸಿಕ್ಕಿದ್ದು ನಮ್ಮ ಅಂಗಳದಲ್ಲೇ. ಮಾದೇವಿ ಒಂದು ಬೆಳಿಗ್ಗೆ ಮೆಣಸಿನಕಾಯಿ ಹರಡಿ, ಸೊಂಟಕ್ಕೆ ಕೈಕೊಟ್ಟು ನಿಂತು ಗಾಡಿಯನ್ನು ಪಕ್ಕದಿಂದ ನೋಡುತ್ತಿದ್ದಳು. ಆಮೇಲೆ ಹಿಂದಿನಿಂದ ಹೋಗಿ ನೋಡಿದಳು. ನಾನು ಪೇಪರು ಓದುತ್ತಿದ್ದವನು ಏನೇ ಎಂದೆ.

"ಇಂಬಾರ ಆಗದೆ ಕಣ್ರೀ ಇದುಕ್ಕೆ," ಎಂದಳು.

ಹಿಂಭಾರ! ಅಯ್ಯೋ ಶಿವನೇ, ಎತ್ತಿನಗಾಡಿಯ ಕಾಲದಲ್ಲಿ ಹುಟ್ಟಿದ ನನಗೆ ಇದು ಹೇಗೆ ಹೊಳೆಯಲಿಲ್ಲ? ಎರಡು ಚಕ್ರದ ಗಾಡಿಗೆ ಕಬ್ಬು ಹೇರುವಾಗ ಭಾರ ಹಿಂದಕ್ಕೆ ಹೆಚ್ಚಾದರೆ ನೊಗ ಕಟ್ಟುವ ಮೂಕಿಮರ ಮೇಲೇಳುತ್ತದೆ, ನೊಗ ಎತ್ತಿನ ಹೆಗಲು ಬಿಡುತ್ತದೆ, ಕೊರಳಿನ ಹಗ್ಗ ಬಿಗಿಯುತ್ತದೆ. ಎತ್ತಿಗೆ ಹೆಜ್ಜೆ ಊರಲಾಗದು. ಅದು ಹಿಂಭಾರ. ಮುಂದಕ್ಕೆ ಹೆಚ್ಚಾದರೆ ಮುಂಭಾರ, ನೊಗ ಹೆಗಲನ್ನು ಅರೆಯುತ್ತದೆ. ನನ್ನ ಅಪ್ಪ ಹೆಡತಲೆ ಊರಿನ ನಮ್ಮ ಹೊಲದಿಂದ ಗಾಡಿ ಕಟ್ಟಿಕೊಂಡು ಬರುವಾಗ, ಏರಿನಲ್ಲಿ ನಮಗೆಲ್ಲ ಮುಂದಕ್ಕೆ ಸರಿಯಿರೋ ಎನ್ನುತ್ತಿದ್ದರು, ಇಳಿಜಾರು ಬಂದರೆ ಹಿಂದಕ್ಕೆ. ನಾವು ಮಕ್ಕಳು ಕೋಳಿಮರಿಗಳ ಹಾಗೆ ಅತ್ತಿತ್ತ ತೆವಳುತ್ತಿದ್ದೆವು. ನಾವೇ ಗಾಡಿಯ ತೂಕದ ಬಟ್ಟು ಎಂದು ಆಗ ಗೊತ್ತಿರಲಿಲ್ಲ. ಅದನ್ನು ಆಟ ಎಂದುಕೊಂಡಿದ್ದೆವು.

ನೋಡಿದರೆ ನಿಜವಾಗಿಯೂ ಮನೆಗಾಡಿಯ ಮೂತಿ ಆಕಾಶ ನೋಡುತ್ತಿತ್ತು, ಬಲಗಡೆಯ ಹಿಂಬದಿ ಕುಸಿದಿತ್ತು. ಹಿಂದಿನ ಚಕ್ರಕ್ಕಿಂತ ಆಚೆ, ಮೂಲೆಯಲ್ಲಿ ಅಷ್ಟು ಭಾರ ಹೇರಿದರೆ ಮುಂದಿನ ಚಕ್ರಗಳು ನೆಲವನ್ನು ಗಟ್ಟಿಯಾಗಿ ಹಿಡಿಯುವುದಾದರೂ ಹೇಗೆ? ಅವು ರಸ್ತೆಯನ್ನು ಸವರಿಕೊಂಡು ಹೋಗುತ್ತಿದ್ದವು, ನಾನು ಸ್ಟೇರಿಂಗ್ ತಿರುಗಿಸುತ್ತ ಗಾಳಿ ಬೀಸಿಕೊಳ್ಳುತ್ತಿದ್ದೆ. ಮೇಲೆ ಟ್ಯಾಂಕು ಬೇರೆ ತಲೆದೂಗುತ್ತಿತ್ತು.

ಪುಟ್ಟಸ್ವಾಮಿಗೆ ಹೇಳಿಕಳಿಸಿದೆವು. ಬಂದ, ಕೇಳಿದ, ಮುಖ ಊದಿಸಿಕೊಂಡು ಜಗಲಿಯ ಮೇಲೆ ಕೂತ. ಟ್ಯಾಂಕನ್ನು ಕೆಳಗಿಳಿಸಿ ಗಾಡಿಯ ನಡುಮಧ್ಯಕ್ಕೆ ತರುತ್ತೇವೆ ಎಂದಾಗ ಮಾತ್ರ ಎದ್ದು ನಿಂತುಬಿಟ್ಟ. ಮನೆಯ ನಡುಮಧ್ಯ ಬ್ರಹ್ಮಸ್ಥಾನವಂತೆ, ಅಲ್ಲಿ ಒಂದು ಸ್ಟೂಲೂ ಇಡಬಾರದಂತೆ. ಅಕ್ಕ ತಮ್ಮನಿಗೆ ಜೋರು ವಾಗ್ವಾದವಾಯಿತು. ಕೊನೆಗೆ ಮಾದೇವಿ, ಅವ್ವನ ಹರಕೆ ನಿನಗೂ ಸೇರಿದ್ದಲ್ಲವೇನೋ ಎಂದು ಮೆಲ್ಲಗೆ ಕೇಳಿದಳು. ಅವನು ಅಂಗಳದಲ್ಲಿ ಅತ್ತಿಂದಿತ್ತ ಓಡಾಡಿ ಒಂದು ದಾರಿ ಹುಡುಕಿದ. ಟ್ಯಾಂಕು ಗಾಡಿಯ ನೆಲದ ಕೆಳಗೆ ಹೋದರೆ ಅದು ಪಾತಾಳದ ಲೆಕ್ಕ, ಮನೆಯ ಲೆಕ್ಕಕ್ಕೆ ಬರುವುದಿಲ್ಲ. ಹಾಗೆಂದು ತಾನೇ ಸ್ಪ್ಯಾನರು ಹಿಡಿದು ಮಲಗಿ ಟ್ಯಾಂಕು ಕಟ್ಟಲು ಕೈಹಾಕಿದ. ಅವನ ಮೇಲಿದ್ದ ನನ್ನ ಸಿಟ್ಟೆಲ್ಲ ಅಲ್ಲಿಗೆ ಇಳಿದುಹೋಯಿತು.

ಬ್ಯಾಟರಿಗಳು ನೆಲಮಟ್ಟದಲ್ಲಿ ಎಡಕ್ಕೆ, ಮುಂದಿನ ಚಕ್ರದ ಸಮೀಪಕ್ಕೆ ಬಂದವು. ಕಬ್ಬಿಣದ ಬೀರು ಮನೆಗೆ ವಾಪಸಾಯಿತು. ಹಂಡೆ, ಕೊಳದಪ್ಪಲೆಗಳನ್ನು ಮಗಳು ಅಂಗಡಿಗೆ ಹೊತ್ತುಕೊಂಡು ಹೋದಳು. ಎರಡೇ ಎರಡು ಪಾತ್ರೆ ಉಳಿದವು. ಎರಡು ಪಾತ್ರೆಯಲ್ಲಿ ಸಂಸಾರ ಮಾಡಬಹುದೆಂದು ಪಾತ್ರೆ ಮಾರಿದವನಿಗೆ ಆ ವಯಸ್ಸಿನಲ್ಲಿ ತಿಳಿಯಿತು. ಸುತ್ತೂರಿನ ತನಕ ಓಡಿಸಿ ನೋಡಿದೆ. ಸ್ಟೇರಿಂಗ್ ಕೈಗೆ ತೂಕವಾಗಿ ಸಿಕ್ಕಿತು. ಲಾರಿ ಬಂತು, ಹೋಯಿತು. ಗಾಡಿ ತನ್ನ ದಾರಿಯಲ್ಲಿ ತಾನಿತ್ತು. ಮುಕ್ಕಾಲು ಲೋಟ ಕಾಫಿ ಇಟ್ಟುಕೊಂಡು ಹೋಗಿದ್ದೆ, ಒಂದು ತೊಟ್ಟೂ ಚೆಲ್ಲಲಿಲ್ಲ. ದಾರಿಯಲ್ಲಿ ನಿಲ್ಲಿಸಿ ಅದನ್ನು ಆರಿದ್ದರೂ ಕುಡಿದೆ.

ಇಲ್ಲಿಗೆ ಕತೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಬೆಟ್ಟಕ್ಕೆ ಹೋಗುವ ಮುಂಚೆ ತಿರುವಿನ ರಸ್ತೆಯಲ್ಲಿ ಪರೀಕ್ಷೆ ಆಗಲೆಂದು ಮಾದೇವಿಯನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟ ಹತ್ತಿಸಿದೆ. ಗಾಡಿ ಹೇಳಿದ ಮಾತು ಕೇಳಿತು. ವಾಲಲಿಲ್ಲ, ಎಳೆಯಲಿಲ್ಲ. ನನಗೆ ಎದೆ ಉಬ್ಬಿ ಬಂತು. ಅರ್ಧ ದಾರಿಯಲ್ಲಿ ತಿರುಗಿ ನೋಡಿದರೆ ಅವಳು ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ರಸ್ತೆ ಪಕ್ಕದ ಕಟ್ಟೆಯ ಮೇಲೆ ಕೂರಿಸಿ ಬೆನ್ನು ನೀವಿದೆ.

"ಗಾಡೀದೇನೂ ತಪ್ಪಿಲ್ಲ," ಎಂದಳು. "ನನ್ನ ಒಟ್ಟೇದು. ಮಾರ್ಬುಡಿ."

ಮನೆಗೆ ಬಂದು ನಾಲ್ಕು ದಿನ ನಾನು ಗಾಡಿಯ ಸುತ್ತಲೇ ಸುತ್ತಿದೆ. ಯಾವ ಕೀಲು ಸವೆದಿದೆ ಎಂದು ಸಿದ್ದರಾಜು ಹೇಳಬಲ್ಲ, ಯಾವ ಮೂಲೆ ಎಂದು ಪುಟ್ಟಸ್ವಾಮಿ ಹೇಳಬಲ್ಲ. ಇದನ್ನು ಯಾರ ಹತ್ತಿರ ತೆಗೆದುಕೊಂಡು ಹೋಗುವುದು? ಕೊನೆಗೆ ಗಿರಾಕಿ ನೋಡಪ್ಪಾ ಎಂದು ಸಿದ್ದರಾಜುವಿಗೇ ಹೇಳಿದೆ. ಅವನು ದೇವನೂರಿನ ಕಡೆಯ ಒಬ್ಬರನ್ನು ಕರೆದುಕೊಂಡು ಬಂದ. ಅವರು ಒಳಗೆಲ್ಲ ನೋಡಿ, ಸ್ಟೇರಿಂಗ್ ಅಲ್ಲಾಡಿಸಿ, ಚೆನ್ನಾಗಿದೆ ಎಂದು ಮೆಚ್ಚಿಕೊಂಡರು. ಅವರು ಮೆಚ್ಚಿದಷ್ಟೂ ನನಗೆ ಸಂಕಟವಾಗುತ್ತಿತ್ತು.

ಆಗ ಮಾದೇವಿ ಹೆಡತಲೆಯ ಹೊಲದಿಂದ ಮೊಪೆಡ್ಡಿನಲ್ಲಿ ಬಂದಳು. ಮುಂದೆ ಕಾಲಿಡುವ ಜಾಗದಲ್ಲಿ ಅವರೆಕಾಯಿ ಮೂಟೆ, ಹಿಂದೆ ಮೇವಿನ ಹೊರೆ. ಇಪ್ಪತ್ತು ವರ್ಷದಿಂದ ಅವಳು ಹೊಲಕ್ಕೆ ಹೋಗಿಬರುವುದು ಹಾಗೆಯೇ. ಮೊಪೆಡ್ ನಿಲ್ಲಿಸಿ, ಬಂದವರಿಗೆ ನಮಸ್ಕಾರ ಹೇಳಿ, ಗಾಡಿ ಮಾರುವುದಿಲ್ಲ, ಕಾಫಿ ಕುಡಿದು ಹೋಗಿ ಎಂದಳು. ಅವರು ನನ್ನ ಮುಖ ನೋಡಿದರು. ನಾನು ಅವಳ ಮುಖ ನೋಡಿದೆ.

ಅವರು ಹೋದಮೇಲೆ ಎದುರಿಗೆ ಕೂತು ಕೇಳಿದಳು: "ಮೊಪೆಡ್ ಮ್ಯಾಲೆ ನಾನು ಯಾವತ್ತಾರ ಕಕ್ಕಿದ್ದೀನಾ?"

ಇಲ್ಲ ಎಂದೆ.

"ನಮ್ಮಪ್ಪನ ಗಾಡೀಲಿ? ಅಗ್ಗ ನನ್ನ ಕೈಗೇ ಕೊಡೋನು. ಅಳ್ಳ ದಿಣ್ಣೆ ಎಲ್ಲ ಆರುಸ್ಕೊಂಡು ಓಗ್ತಿದ್ದೆ, ಏನೂ ಆಗ್ತಿರ್ಲಿಲ್ಲ. ಇವತ್ತು ದಾರಿ ಉದ್ದುಕ್ಕೂ ಅದನ್ನೇ ಯೋಚ್ನೆ ಮಾಡ್ಕಂಡು ಬಂದೆ. ತಿರುಗ್ಸೋಳು ನಾನಾದ್ರೆ ಎತ್ತಗೆ ತಿರುಗ್ತದೆ ಅಂತ ನಂಗೆ ಮೊದ್ಲೇ ಗೊತ್ತಿರ್ತದೆ. ಬ್ಯಾರೇರು ತಿರುಗ್ಸುದ್ರೆ ನನ್ನ ಒಟ್ಟೆಗೆ ಗೊತ್ತಾಗಕಿಲ್ಲ."

ನೀನಾ, ಅಷ್ಟು ದೊಡ್ಡ ಗಾಡಿನಾ, ಈ ವಯಸ್ಸಿನಲ್ಲಾ ಎಂಬ ಮೂರು ಪ್ರಶ್ನೆಗಳು ನನ್ನ ಬಾಯಿಗೆ ಬಂದವು. ಮೂರನ್ನೂ ಕೇಳಿದೆ. ಅವಳು ಮೇವಿನ ಹೊರೆ ಬಿಚ್ಚಲು ಹೋದಳು. ಅಂದರೆ ತೀರ್ಮಾನ ಆಗಿದೆ ಎಂದೇ ಅರ್ಥ.

ನಾನೇ ಕಲಿಸುತ್ತೇನೆಂದು ಕೊಯ್ಲಾದ ಹೊಲದ ಬಯಲಿಗೆ ಗಾಡಿ ತೆಗೆದುಕೊಂಡು ಹೋದದ್ದು ನನ್ನ ಜೀವನದ ದೊಡ್ಡ ತಪ್ಪು. ಕ್ಲಚ್ಚು ನಿಧಾನಕ್ಕೆ ಬಿಡು ಎಂದರೆ, ನಿಧಾನಕ್ಕೆ ಹೇಳಿ ಎನ್ನುವಳು. ಬ್ರೇಕು ಎಂದು ನಾನು ಕೂಗಿದರೆ ಬ್ರೇಕು ಒತ್ತಿ, ಗಾಡಿ ಆರಿಸಿ, ಕೂಗಿದ್ದೇಕೆ ಎಂದು ವಿಚಾರಣೆ ಮಾಡುವಳು. ಮೂರನೆಯ ದಿನ ನನ್ನನ್ನು ಕೆಳಗಿಳಿಸಿ ಡ್ರೈವಿಂಗ್ ಸ್ಕೂಲಿಗೆ ಸೇರಿಕೊಂಡಳು. ಅಲ್ಲಿ ಕಲಿಸುವ ಹುಡುಗಿ ಅವಳನ್ನು ಅಮ್ಮಾವ್ರೇ ಎನ್ನುತ್ತಿದ್ದಳಂತೆ, ಕೂಗುತ್ತಿರಲಿಲ್ಲವಂತೆ. ಲೈಸೆನ್ಸು ಬಂದ ಮೇಲೂ ತಿಂಗಳುಗಟ್ಟಲೆ ಮನೆಗಾಡಿಯಲ್ಲಿ ನರಸೀಪುರಕ್ಕೆ ಹೋಗಿ ಬಂದು ಮಾಡಿದಳು. ನಾನು ಪಕ್ಕದಲ್ಲಿ ಕೂತಿರುತ್ತಿದ್ದೆ. ಒಂದು ದಿನವೂ ಅವಳ ಕೈ ಸೆರಗಿಗೆ ಹೋಗಲಿಲ್ಲ.

ಅಷ್ಟಾದರೂ ಬೆಟ್ಟದ ದಿನ ಹತ್ತಿರ ಬಂದಂತೆ ಅವಳ ಮಾತು ಕಮ್ಮಿಯಾಯಿತು. ನರಸೀಪುರದ ರಸ್ತೆ ಬೇರೆ, ಘಾಟಿ ಬೇರೆ. ಈ ಸಲವೂ ಬುಡದಲ್ಲೇ ಉಳಿದರೆ ಮತ್ತೆ ಹೊರಡುವ ಶಕ್ತಿ ಅವಳಿಗಿರಲಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು.

ಬೆಳಗಿನ ಜಾವದಲ್ಲೇ ಹೊರಟೆವು. ಅವಳೇ ಟೈರಿನ ಗಾಳಿ ನೋಡಿದಳು, ಅವಳೇ ಸುತ್ತ ಬಂದು ಗಾಡಿ ಸಮವಾಗಿ ನಿಂತಿದೆಯೇ ಎಂದು ನೋಡಿದಳು. ಕೊಳ್ಳೇಗಾಲ, ಹನೂರು ದಾಟಿದೆವು. ತಾಳಬೆಟ್ಟದಲ್ಲಿ ನಿಲ್ಲಿಸಿದಳು. ಆ ಟೀ ಅಂಗಡಿ ಇರಲಿಲ್ಲ, ಕಲ್ಲೂ ಕಾಣಲಿಲ್ಲ. ಇಳಿಯೋಣವೇ ಎಂದು ಕೇಳಿದೆ. ಬೇಡ ಎಂದು ತಲೆಯಾಡಿಸಿ ಗೇರು ಹಾಕಿದಳು.

ಮೊದಲ ತಿರುವು ಬಂತು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಎರಡನೆಯದು, ಮೂರನೆಯದು. ಹಲ್ಲು ಕಚ್ಚಿರಲಿಲ್ಲ. ಕಣ್ಣು ಮುಂದಿನ ತಿರುವಿನ ಮೇಲಿತ್ತು, ಕೈ ತಾನಾಗಿ ಹೋಗುತ್ತಿತ್ತು. ಇಳಿದುಬರುವ ಬಸ್ಸೊಂದು ಹಾರ್ನು ಹೊಡೆದಾಗ ಅಂಚಿಗೆ ತಂದು, ನಿಲ್ಲಿಸಿ, ದಾರಿ ಬಿಟ್ಟು, ಏರಿನಲ್ಲಿ ಒಂದಿಂಚೂ ಹಿಂದಕ್ಕೆ ಜಾರದೆ ಮತ್ತೆ ಎತ್ತಿದಳು. ಬಸ್ಸಿನ ಡ್ರೈವರು ಕತ್ತು ಹೊರಗೆ ಹಾಕಿ ನೋಡಿದ. ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತೊತ್ತಿ ಸೋತುಹೋಗಿತ್ತು. ಅರ್ಧ ಘಾಟಿಯ ಹೊತ್ತಿಗೆ ನನ್ನ ಹೊಟ್ಟೆಯಲ್ಲೇ ಏನೋ ಗುಡುಗುಡು ಎನ್ನತೊಡಗಿತು. ಕಿಟಕಿ ಸ್ವಲ್ಪ ತೆರೆದೆ ಅಷ್ಟೇ.

ಮೇಲೆ ಗಾಡಿ ನಿಲ್ಲಿಸುವ ಜಾಗದಲ್ಲಿ ಕಾವಲಿನವನೊಬ್ಬ ಸೀಟಿ ಊದುತ್ತ ನನ್ನ ಕಡೆಯ ಕಿಟಕಿಗೇ ಬಂದು, ಡ್ರೈವರಣ್ಣ, ಒಸಿ ಇಂದುಕ್ಕೆ ತಕ್ಕಳಿ ಎಂದ. ಡ್ರೈವರಣ್ಣ ನಾನಲ್ಲಪ್ಪ ಎಂದೆ. ಅಷ್ಟರಲ್ಲಿ ಅವಳು ಹಿಂದಕ್ಕೆ ತೆಗೆದುಕೊಂಡು ನಿಲ್ಲಿಸಿಯೂ ಆಗಿತ್ತು.

ಗುಡಿಯೊಳಗೆ ಸಾಲಿನಲ್ಲಿ ನಿಂತು, ಗರ್ಭಗುಡಿಯ ಎದುರಿಗೆ ಬಂದಾಗ ಅವಳು ಕೈ ಮುಗಿಯುವುದನ್ನೂ ಮರೆತು ನಿಂತುಬಿಟ್ಟಳು. ಹಿಂದಿನವರು ತಳ್ಳುತ್ತಿದ್ದರು. "ಅವ್ವ ಏಳಿದ್ಲಲ್ಲ ಮಾದಪ್ಪ, ಬಂದಿವ್ನಿ," ಎಂದಳು, ಬಾಗಿಲಲ್ಲಿ ನಿಂತ ನೆಂಟರಿಗೆ ಹೇಳುವ ಹಾಗೆ. ನನಗೆ ಅಳು ಬಂತು. ಪಕ್ಕದಲ್ಲಿದ್ದವರೊಬ್ಬರು ದಾರಿ ಮಾಡಿಕೊಟ್ಟು, ನಿಧಾನಕ್ಕೆ ನೋಡ್ಕಳವ್ವ ಎಂದರು. ಅವಳು ನಿಧಾನಕ್ಕೆ ನೋಡಿಕೊಂಡಳು.

ಊಟ ಮಾಡಿ, ಲಾಡು ಕೊಂಡು ಗಾಡಿಯ ಹತ್ತಿರ ಬಂದೆವು. ಬೆಳಗಿನಿಂದ ಓಡಿಸಿ ದಣಿದಿದ್ದಾಳೆ, ಹರಕೆಯೂ ತೀರಿತು, ಇಳಿಯುವಾಗ ನಾನು ಓಡಿಸುತ್ತೇನೆ ಎಂದು ಕೀಲಿಗಾಗಿ ಕೈ ಚಾಚಿದೆ. ಅವಳು ಕೀಲಿಯನ್ನು ಕುಪ್ಪಸದೊಳಗೆ ಸಿಕ್ಕಿಸಿಕೊಂಡು, ಆಚೆ ಕಾಡು, ಬೆಟ್ಟ, ಅದರಾಚೆಯ ಬೆಟ್ಟಗಳನ್ನೆಲ್ಲ ನೋಡುತ್ತ ನಿಂತಳು.

"ಊಟಿ ರಸ್ತೇಲಿ ಇದುಕ್ಕಿಂತ ಜಾಸ್ತಿ ತಿರುವು ಅವಂತೆ, ಯಾವಾಗ್ಲೋ ನೀವೇ ಏಳ್ತಿದ್ರಲ್ಲ," ಎಂದಳು. "ಎಂಗೂ ನಂಜನಗೂಡಿನ್ ಮ್ಯಾಲೇ ಓಗಾದು. ನಾಳೆ ಅದನ್ನೂ ನೋಡ್ಬುಡನ."

ನಾನು ಗಾಡಿಯನ್ನು ಸುತ್ತಿಕೊಂಡು ಹೋಗಿ ಎಡಗಡೆಯ ಬಾಗಿಲು ತೆಗೆದೆ.